ಒಳಗ ಬಿಟ್ಟ ಬಟ್ಟಿ

ಎದಿ ಮೂವತ್ತೆಂಟು, ಭುಜ ಹದಿನಾರು,
ತೋಳು ಇಪ್ಪತ್ತಮೂರೂವರಿ.
ಹೆಸರು ಬರಿಯೂ ಹೊತ್ತಿಗೆ ನನ್ನ ಪೆನ್ಸಿಲ್ ನಿಂತಿತು.
ದೂಷಿಮಾ, ಅಂದ್ಲು. ಇನ್ನೊಮ್ಮೆ ಕೇಳಿದೆ. ಅದ ಅಂದ್ಲು.
ದೂಷಿಸೂದಂದ್ರ ನಮ್ಮಲ್ಲೆ ಬೈಯೂದವ್ವಾ,
ಯಾರಿಟ್ಟರ ಈ ಹೆಸರು ಅಂತ ನಾ ನಕ್ಕರ
ಟೇಪಿನ ಮೂವತ್ತೆಂಟರ ಮ್ಯಾಲ ಬೆರಳಿಟ್ಟು
ಶಿಮಾ ಅಂದ್ರ ಇದು, ಎದಿ, ಎದಿಯೊಳಗಿಂದು;
ದೂ ಅಂದ್ರ ಛಲೋ, ಅಂದ್ಲು.

ಖಡೇಬಜಾರ ದಾಟಿದ ಮ್ಯಾಲ ಓಣಿ ಮೂಲ್ಯಾಗಿನ ಅಂಗಡಿ ನಂದು.
ಪುಂಡಲೀಕ ಸಿಂಪಿ, ಡಾಕ್ಟರ್ ಏಪ್ರನ್ ಸ್ಪೆಷಲ್.
ಇಲ್ಲೆ ಅಳತಿ ಕೊಟ್ಟು ಹೋದೋರು ಆಮ್ಯಾಲ ಕ್ಯಾಂಪಿನ್ಯಾಗ ಎದುರಾದ್ರ
ಕಾರಿನ ಗಾಜು ಏರಸ್ತಾರ. ಏರಸ್ಲಿ, ಧೂಳ ಭಾಳ.
ಅಕಿ ಶನಿವಾರ ಬಂದು ಕಟ್ಟಿ ಮ್ಯಾಲ ಕುಂತು
ನನ್ನ ಅಳತಿ ಪುಸ್ತಕದಾಗ ಕನ್ನಡ ಅಂಕಿ ಕಲತ್ಲು.
ಅಕ್ಷರ ಒಂದೂ ಬರಲಿಲ್ಲ. ಅಂಕಿ ಎಲ್ಲಾ ಬಂದು,
೬ ಯಾವುದು ೯ ಯಾವುದು ಅನ್ನೂದೊಂದು ಬಿಟ್ಟು.
ನಮ್ಮನಿ ಕೆಂಪು ಖಾರ ನೆಕ್ಕಿ, ಇದನ್ನ ನಮ್ಮೂರಿಂದ
ನೀವ ಕದ್ದೀರಿ ಅಂತ ಜಗಳಾ ಬ್ಯಾರೆ.

ಒಂದಿನ ಕೇಳಿದ್ಲು:
ಕಾಣಲಾರದ್ದು, ಇಷ್ಟು ಬಟ್ಟಿ ಯಾಕ ಒಳಗ ಬಿಡ್ತಿ?
ಮನಶ್ಯಾ ಉಬ್ಬತಾನ, ಸೊರಗತಾನ.
ಕತ್ತರಿಸಿದ್ದು ಕೂಡೂದಿಲ್ಲ, ಮಡಚಿದ್ದು ಬಿಚ್ಚತೈತಿ, ಅಂದೆ.

ಹನ್ನೊಂದು ವರ್ಷ ಆತು.
ಇದು ಅಕಿ ಜೂನಿಯರ್ ಒಬ್ಬಾವ ಏಪ್ರನ್ ಹೊಲಿಸಾಕ ಬಂದಾಗ ಹೇಳಿದ್ದು,
ನನಗ ತಿಳಿದಷ್ಟು ನಾ ಹೇಳೂದು.

ಅಲ್ಲಿ, ಅಕಿ ಹೊಳಿ ದಂಡಿ ಊರಾಗ, ಜ್ವರ ಅಂತ ಒಬ್ಬ ಗುತ್ತೇದಾರ ಬಂದ.
ಮಲೇರಿಯಾ ಅಂದ್ರು ಎಲ್ಲಾರೂ. ಮೂರು ದಿನ ಗುಳಿಗಿ.
ನಾಕನೇ ದಿನ ವಸಡಿನಾಗ ರಕ್ತ ಕಂಡಾಕಿ
ಖೋಲಿ ಬಾಗಲಾ ಹಾಕಸಿದ್ಲು.
ಇಲಿ ಉಚ್ಚಿಯಿಂದ ಕಾಳಿಗೆ, ಕಾಳಿನಿಂದ ಕೈಗೆ,
ಕೈಯಿಂದ ಮನಿ ಮಂದಿಗೆ ದಾಟೂ ಜ್ವರ ಅಂತ ಅದು.
ಹೊರಗ ನಾಕು ಗಾಡಿ. ಅಣ್ಣತಮ್ಮಂದಿರು, ಒಬ್ಬ ವಕೀಲ.
ದೊಡ್ಡ ದವಾಖಾನಿಗೆ ಒಯ್ತೀವಿ, ಬಿಡು.
ಬಿಡೂದಿಲ್ಲ.
ನಿನ್ನ ನೌಕರಿ ತಗಸ್ತೀವಿ.
ತಗಸ್ರಿ. ರಿಪೋರ್ಟ್ ಬಂದ ಮ್ಯಾಲ.
ಒಬ್ಬಾವ ಅಕಿ ತೋಳು ಹಿಡದು ಜಗ್ಗಿದ.
ಅಕಿ ಚೌಕಟ್ಟು ಹಿಡದು ನಿಂತ್ಲು, ಅಷ್ಟ.

ರಾತ್ರಿ ಕುಂತು ಅವನ್ನ ಮುಟ್ಟಿದೋರ ಹೆಸರು ಬರದ್ಲು:
ಚಾ ಹುಡುಗ, ಕ್ಷೌರದಾವ, ಡ್ರೈವರ್,
ಯಾರೂ ಬಾಯಿ ಬಿಡಲಾರದ ಎರಡನೇ ಹೆಂಡತಿ.
ಒಬ್ಬೊಬ್ಬರ ಬಾಗಲಿಗೆ ಹೋಗಿ ದಿನಾ ಜ್ವರ ನೋಡಸಿದ್ಲು.
ಗುತ್ತೇದಾರ ಉಳೀಲಿಲ್ಲ. ಇವೆರೆನ್ ಅಂತ ಒಬ್ಬಾಕಿ ನರ್ಸ್,
ಅಕಿನೂ ಉಳೀಲಿಲ್ಲ.
ರೋಗ ದವಾಖಾನಿ ಗೇಟು ದಾಟಲಿಲ್ಲ.
ದೂಷಿಮಾಗ ಜ್ವರ ಬಂತು, ಹೋತು,
ಹೋಗೂ ಮುಂದ ಎರಡೂ ಕಿವಿ ತಗೊಂಡು ಹೋತು.

ಮೊನ್ನೆ ಆ ಹುಡುಗನ ಫೋನಿನ್ಯಾಗ ಮಾರಿ ತೋರಿಸಿದ್ಲು.
ನಾ ಒದರಿದೆ. ಹುಚ್ಚ, ಕಿವಿ ಇಲ್ಲದಾಕಿಗೆ ಒದರಿದೆ.
ನಕ್ಕಂತ ಮಾಡಿ, ಆ ಏಪ್ರನ್ ಎತ್ತಿ ಹಿಡದ್ಲು.
ನಾಚಿಕಿ ಆಗಬೇಕು ನನಗ:
ಮಾರಿಗಿಂತ ಮೊದಲ ನಾ ನೋಡಿದ್ದು ತೋಳಿನ ಜೋಡು.
ಬಟ್ಟಿ ಹರದಿತ್ತು. ಹೊಲಿಗಿ ಬಿಟ್ಟಿದ್ದಿಲ್ಲ.

ಆಮ್ಯಾಲ ಒಂದು ಹಾಳಿ.
ಅದರ ಮ್ಯಾಲ, ಸೊಟ್ಟ ಸೊಟ್ಟ, ನನ್ನ ಪುಸ್ತಕದ ಅಂಕಿ:
೩೧. ೧೫. ೨೩½.
ಮೊದಲನೇದು ಎದಿ.
ನಾ ಹಳೀ ಪುಸ್ತಕ ತಗದು ಅಕಿಗೆ ಹಿಡದೆ, ೩೮.
ಇಬ್ಬರೂ ಸುಮ್ಮನ ಇದ್ದಿವಿ.
ಅಕಿಗೇನು, ಆ ಕಡೆ ಯಾವತ್ತೂ ಸುಮ್ಮನ.

ಮೂವತ್ತೊಂದಕ್ಕ ಗುರುತು ಹಾಕಿದೆ.
ಮೂವತ್ತೆಂಟಕ್ಕ ಕತ್ತರಿಸಿದೆ.
ನಡುವಿನ ಏಳು ಇಂಚು ಎಡಕ್ಕಷ್ಟು ಬಲಕ್ಕಷ್ಟು ಒಳಗ ಮಡಚಿ
ಕಚ್ಚಾ ದಾರ ಹಾಕೀನಿ.
ಹಲ್ಲಿಲೆ ಕಡದ್ರ ಬಿಚ್ಚತೈತಿ.